ಇನ್ನೊಬ್ಬ ಮಿಂಕೋವ್ಸ್ಕಿ

ಮೆಷಿನ್ ಲರ್ನಿಂಗ್ ಲ್ಯಾಬಿನಲ್ಲಿ ಕೆ-ಎನ್‌ಎನ್ ಪ್ರೋಗ್ರಾಂ ಓಡಿಸಿದವರೆಲ್ಲ ಮಿಂಕೋವ್ಸ್ಕಿ ಅನ್ನೋ ಹೆಸರನ್ನ ನೋಡೇ ಇರ್ತೀರಿ. ಎರಡು ಬಿಂದುಗಳ ನಡುವಿನ ದೂರ ಅಳೆಯೋ ಸೂತ್ರ ಅದು. ಘಾತಕ್ಕೆ 1 ಹಾಕಿದರೆ ಮ್ಯಾನ್‌ಹಟನ್ ದೂರ, 2 ಹಾಕಿದರೆ ಯೂಕ್ಲಿಡ್ ದೂರ. ಫಿಸಿಕ್ಸ್ ಸ್ವಲ್ಪ ಹೆಚ್ಚು ಓದಿದವರಿಗೆ ಅದೇ ಹೆಸರು ಐನ್‌ಸ್ಟೈನ್ ಪಕ್ಕದಲ್ಲಿ ಸಿಕ್ಕಿರುತ್ತದೆ. ದೇಶ ಮತ್ತು ಕಾಲ ಎರಡನ್ನೂ ಸೇರಿಸಿ ನಾಲ್ಕು ಆಯಾಮದ ಒಂದೇ ಚೌಕಟ್ಟು ಕಟ್ಟಿಕೊಟ್ಟವನು ಹರ್ಮನ್ ಮಿಂಕೋವ್ಸ್ಕಿ. ಈ ಸಂಚಿಕೆಗೆ ನಾವು ಬರೆಯುತ್ತಿರೋದು ಅವನ ಬಗ್ಗೆ ಅಲ್ಲ. ಅವನಿಗಿಂತ ಆರು ವರ್ಷ ದೊಡ್ಡವನಾದ ಅಣ್ಣ, ಡಾಕ್ಟರ್ ಆಸ್ಕರ್ ಮಿಂಕೋವ್ಸ್ಕಿಯ ಬಗ್ಗೆ.

ಯಾಕೆ ಈ ಮನುಷ್ಯ ಅಂತ ಕೇಳಬಹುದು. ನಮ್ಮ ಸಂಘದಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯಿಂದ ಬಂದವರೇ ಜಾಸ್ತಿ. ಜೋಳದ ರೊಟ್ಟಿ, ನವಣೆ ಅನ್ನ ಉಂಡ ಸೀಮೆ ನಮ್ಮದು, ಇಲ್ಲಿಗೆ ಆ ರೋಗ ಎಲ್ಲಿಂದ ಬಂತು ಅಂತ ಹಿರಿಯರು ಈಗಲೂ ಆಶ್ಚರ್ಯಪಡ್ತಾರೆ. ಆದರೆ ಯಾರ ಮನೆಗೆ ಹೋದರೂ ಒಬ್ಬರಿಗಾದರೂ ಶುಗರ್ ಐತಿ ಅನ್ನೋ ಮಾತು ಬಂದೇ ಬರ್ತದೆ. 2023ರಲ್ಲಿ ಬಂದ ಐಸಿಎಂಆರ್ ಸಮೀಕ್ಷೆ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನಕ್ಕೆ ಮಧುಮೇಹ ಇದೆ. ಅದರ ಜೊತೆಗೆ ಈಗ ಇನ್ನೊಂದು ಸುದ್ದಿ ಫೋನಿನಿಂದ ಫೋನಿಗೆ ಓಡಾಡ್ತಿದೆ: ಜೀವಕೋಶ ಹಾಕಿ ಶುಗರ್ ವಾಸಿ ಮಾಡ್ತಾರಂತೆ, ಇನ್ಸುಲಿನ್ ಸೂಜಿಯೇ ಬೇಡವಂತೆ. ಅದು ಪೂರ್ತಿ ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಎಲ್ಲಿವರೆಗೆ ನಿಜ ಅಂತ ತಿಳೀಬೇಕು ಅಂದ್ರೆ ಒಂದು ನಾಯಿಯ ಹೊಟ್ಟೆಯ ಚರ್ಮದ ಕೆಳಗಿಂದ ಶುರು ಮಾಡಬೇಕು. ಆ ನಾಯಿ ಆಸ್ಕರ್ ಮಿಂಕೋವ್ಸ್ಕಿಯ ಲ್ಯಾಬಿನದು.

ಆಸ್ಕರ್ ಹುಟ್ಟಿದ್ದು 1858ರ ಜನವರಿ 13ರಂದು, ಈಗಿನ ಲಿಥುವೇನಿಯಾದ ಕೌನಾಸ್ ಊರಿನ ಪಕ್ಕದ ಅಲೆಕ್ಸೋತಾಸ್‌ನಲ್ಲಿ. ಆಗ ಅದು ರಷ್ಯಾ ಚಕ್ರವರ್ತಿಯ ಆಳ್ವಿಕೆಗೆ ಸೇರಿತ್ತು. ಮನೆತನ ಯಹೂದಿಗಳದು, ಅಪ್ಪ ವ್ಯಾಪಾರಿ. ರಷ್ಯಾದಲ್ಲಿ ಯಹೂದಿ ಮಕ್ಕಳಿಗೆ ಓದು, ಕೆಲಸ ಎರಡೂ ಕಷ್ಟ. ಹಾಗಾಗಿ 1872ರಲ್ಲಿ ಕುಟುಂಬ ಗಂಟುಮೂಟೆ ಕಟ್ಟಿಕೊಂಡು ಗಡಿ ದಾಟಿ ಜರ್ಮನಿಯ ಕೋನಿಗ್ಸ್‌ಬರ್ಗ್‌ಗೆ ಬಂತು. ಗ್ರಾಫ್ ಥಿಯರಿ ಓದಿದವರಿಗೆ ಈ ಊರು ಗೊತ್ತು, ಆಯ್ಲರ್‌ನ ಏಳು ಸೇತುವೆಗಳ ಊರು. ಅಲ್ಲೇ ತಮ್ಮ ಹರ್ಮನ್ ಗಣಿತಕ್ಕೆ ಬಿದ್ದ. 18ನೇ ವಯಸ್ಸಿಗೆ, 1883ರಲ್ಲಿ, ಪ್ಯಾರಿಸ್ ಅಕಾಡೆಮಿಯ ಗಣಿತ ಬಹುಮಾನ ಗೆದ್ದುಬಿಟ್ಟ. ಅಂಥ ತಮ್ಮ ಇರೋ ಮನೆಯಲ್ಲಿ ಅಣ್ಣನಾಗಿರೋದು ಸುಲಭದ ಕೆಲಸ ಇರಲಿಕ್ಕಿಲ್ಲ ಅಂತ ನಮಗೆ ಅನ್ನಿಸ್ತದೆ. ಆಸ್ಕರ್ ಮೆಡಿಕಲ್ ಓದಿ 1881ರಲ್ಲಿ ಪದವಿ ಪಡೆದ. ಬರ್ನ್‌ಹಾರ್ಡ್ ನೌನಿನ್ ಅನ್ನೋ ದೊಡ್ಡ ವೈದ್ಯನ ಕೈಕೆಳಗೆ ಸಹಾಯಕನಾಗಿ ಸೇರಿದ.

ಆಗ ಮಧುಮೇಹ ಅಂದ್ರೆ ಏನು ಅಂತ ಯಾರಿಗೂ ಗೊತ್ತಿರಲಿಲ್ಲ. ಲಕ್ಷಣ ಗೊತ್ತಿತ್ತು. ಮೂತ್ರ ಸಿಹಿ, ಇರುವೆ ಮುತ್ತುತ್ತವೆ, ಮನುಷ್ಯ ತಿಂದರೂ ಕರಗಿ ಹೋಗ್ತಾನೆ ಅನ್ನೋದನ್ನ ನಮ್ಮ ಚರಕ, ಸುಶ್ರುತರ ಕಾಲದಿಂದಲೂ ಬರೆದಿಟ್ಟಿದ್ದಾರೆ. ಮಧುಮೇಹ ಅನ್ನೋ ಹೆಸರಿನಲ್ಲೇ ಜೇನು ಇದೆ. ಆದರೆ ರೋಗದ ಮೂಲ ಯಾವ ಅಂಗದಲ್ಲಿದೆ? ಕೆಲವರು ಲಿವರ್ ಅಂದರು, ಕೆಲವರು ಮಿದುಳು ಅಂದರು, ಕೆಲವರು ನರ ಅಂದರು. ಮಕ್ಕಳಿಗೆ ಬಂದರೆ ತಿಂಗಳುಗಳಲ್ಲಿ ಸಾವು. ಕೊನೆಗೆ ಉಸಿರು ಜೋರಾಗಿ, ಬಾಯಿಂದ ಕೊಳೆತ ಹಣ್ಣಿನ ವಾಸನೆ ಬಂದು, ಪ್ರಜ್ಞೆ ತಪ್ಪಿ ಹೋಗ್ತಿದ್ದರು.

ಆ ಕೊನೆಯ ಹಂತ ಯಾಕೆ ಹಾಗೆ ಅನ್ನೋದನ್ನ ಹುಡುಕಿದವರಲ್ಲಿ 26 ವರ್ಷದ ಆಸ್ಕರ್ ಒಬ್ಬ. 1884ರಲ್ಲಿ ರೋಗಿಗಳ ಮೂತ್ರದಲ್ಲಿ ಬೀಟಾ-ಹೈಡ್ರಾಕ್ಸಿಬ್ಯುಟಿರಿಕ್ ಆಮ್ಲವನ್ನ ಪತ್ತೆ ಮಾಡಿದ. ಅದೇ ವರ್ಷ ಕ್ಯೂಲ್ಸ್ ಅನ್ನೋ ಇನ್ನೊಬ್ಬ ವಿಜ್ಞಾನಿಯೂ ಬೇರೆಯಾಗಿ ಅದನ್ನೇ ಕಂಡ. ದೇಹ ಸಕ್ಕರೆಯನ್ನ ಬಳಸಲಾಗದೆ ಕೊಬ್ಬನ್ನೇ ಸುಡೋಕೆ ಶುರು ಮಾಡಿದಾಗ ಈ ಆಮ್ಲ ರಕ್ತದಲ್ಲಿ ತುಂಬಿಕೊಳ್ತದೆ. ರಕ್ತ ಹುಳಿಯಾದರೆ ಉಸಿರಾಟ ಜೋರಾಗ್ತದೆ. ಇವತ್ತಿಗೂ ಐಸಿಯುನಲ್ಲಿ ಡಾಕ್ಟರ್‌ಗಳು ಡಿಕೆಎ ಅಂತ ಕರೆಯೋದು ಇದನ್ನೇ. ನಮ್ಮ ಕಡೆ ಚಿಕ್ಕ ಮಕ್ಕಳಿಗೆ ವಾಂತಿ, ಹೊಟ್ಟೆನೋವು, ಏದುಸಿರು ಬಂದಾಗ ದೃಷ್ಟಿ ತೆಗೆಸಿ, ಅಜೀರ್ಣ ಅಂತ ಎರಡು ದಿನ ಕಳೆಯೋದುಂಟು. ಬೆರಳ ತುದಿಯ ಒಂದು ಹನಿ ರಕ್ತದ ಪರೀಕ್ಷೆ ಸಾಕು ಗೊತ್ತಾಗೋಕೆ. ಅಷ್ಟು ಹೇಳಿ ಮುಂದಕ್ಕೆ ಹೋಗ್ತೇವೆ.

ಆಸ್ಕರ್‌ನ ಕೈ ಚುರುಕು ಅನ್ನೋದು ಇಲ್ಲಿ ಮುಖ್ಯ. ಅವನು ಸರ್ಜನ್ ಅಲ್ಲ, ಫಿಸಿಷಿಯನ್. ಆದರೂ 1886ರಲ್ಲಿ ಹೆಬ್ಬಾತುಗಳ ಲಿವರ್ ತೆಗೆದು, ಅವು ಬದುಕಿರುವಷ್ಟು ಹೊತ್ತಿನಲ್ಲಿ ಯೂರಿಕ್ ಆಮ್ಲ ತಯಾರಾಗೋದು ಲಿವರ್‌ನಲ್ಲೇ ಅಂತ ತೋರಿಸಿದ್ದ. ಲಿವರ್ ತೆಗೆದು ಪ್ರಾಣಿಯನ್ನ ಉಳಿಸಿಕೊಳ್ಳೋ ಕೈಗೆ ಮೇದೋಜೀರಕ ಗ್ರಂಥಿ, ಅಂದರೆ ಪ್ಯಾಂಕ್ರಿಯಾಸ್, ದೊಡ್ಡದಾಗಿ ಕಾಣಲಿಲ್ಲ.

1888ರಲ್ಲಿ ಗುರು ನೌನಿನ್‌ಗೆ ಸ್ಟ್ರಾಸ್‌ಬರ್ಗ್‌ನಲ್ಲಿ ಹುದ್ದೆ ಸಿಕ್ಕಿತು, ಶಿಷ್ಯನೂ ಜೊತೆಗೆ ಹೋದ. 1889ರ ಏಪ್ರಿಲ್‌ನಲ್ಲಿ ಒಂದು ದಿನ ಆಸ್ಕರ್ ಯಾವುದೋ ಕೆಮಿಸ್ಟ್ರಿ ಜರ್ನಲ್ ಹುಡುಕಿಕೊಂಡು ಪಕ್ಕದ ಸಂಸ್ಥೆಯ ಲೈಬ್ರರಿಗೆ ಹೋಗಿದ್ದ. ಅಲ್ಲಿ ಜೋಸೆಫ್ ಫಾನ್ ಮೇರಿಂಗ್ ಸಿಕ್ಕ. ಮೇರಿಂಗ್ ಆಗ ಒಂದು ಎಣ್ಣೆಯನ್ನ ಮೀನೆಣ್ಣೆಗೆ ಬದಲಾಗಿ ಶಿಫಾರಸು ಮಾಡ್ತಿದ್ದ, ಸುಲಭವಾಗಿ ಜೀರ್ಣ ಆಗ್ತದೆ ಅನ್ನೋದು ಅವನ ವಾದ. ಹಾಗಾದರೆ ಕೊಬ್ಬು ಜೀರ್ಣವಾಗೋಕೆ ಪ್ಯಾಂಕ್ರಿಯಾಸ್ ರಸ ಬೇಕೇ ಬೇಕಾ ಅನ್ನೋ ಚರ್ಚೆ ಎದ್ದಿತು. ಆ ಗ್ರಂಥಿಯನ್ನೇ ತೆಗೆದು ನೋಡಿದರೆ ಗೊತ್ತಾಗ್ತದೆ ಅಂದ ಆಸ್ಕರ್. ಅದು ಆಗದ ಮಾತು ಅಂದ ಮೇರಿಂಗ್. ಫ್ರಾನ್ಸಿನ ಮಹಾ ವಿಜ್ಞಾನಿ ಕ್ಲೋಡ್ ಬರ್ನಾರ್ಡ್ ಹಿಂದೆಯೇ ಅದನ್ನ ಅಸಾಧ್ಯ ಅಂತ ಬರೆದಿಟ್ಟಿದ್ದ. ಆಸ್ಕರ್ ಅದನ್ನ ಓದಿರಲಿಲ್ಲ. ಓದದೇ ಇದ್ದದ್ದೇ ಒಳ್ಳೇದಾಯ್ತು! (ಲಿಟರೇಚರ್ ಸರ್ವೇ ಮಾಡದೆ ಪ್ರಾಜೆಕ್ಟ್ ಶುರು ಮಾಡೋರಿಗೆ ಇದು ನೆಪ ಆಗದಿರಲಿ.) ಮೇರಿಂಗ್ ನಾಯಿ ಕೊಟ್ಟ, ಅವತ್ತು ಮಧ್ಯಾಹ್ನವೇ ನೌನಿನ್‌ನ ಲ್ಯಾಬಿನಲ್ಲಿ ಇಬ್ಬರೂ ಸೇರಿ ಆಪರೇಷನ್ ಮಾಡಿದರು. ನಾಯಿ ಬದುಕಿತು.

ಅಷ್ಟರಲ್ಲಿ ಮೇರಿಂಗ್‌ನ ಮಾವನಿಗೆ ನ್ಯುಮೋನಿಯಾ ಆಗಿ ಅವನು ಕೋಲ್ಮಾರ್‌ಗೆ ಓಡಬೇಕಾಯ್ತು, ಒಂದು ವಾರ ಬರಲಿಲ್ಲ. ಖಾಲಿ ಪಂಜರ ಇಲ್ಲದ್ದಕ್ಕೆ ನಾಯಿಯನ್ನ ಲ್ಯಾಬಿನ ಒಂದು ಕೋಣೆಯಲ್ಲೇ ಕಟ್ಟಿದ್ದರು. ಮನೆಯಲ್ಲಿ ಪಳಗಿದ ನಾಯಿ ಅದು, ಹೊರಗೆ ಬಿಟ್ಟಾಗಲೇ ಉಚ್ಚೆ ಹೊಯ್ಯೋ ಅಭ್ಯಾಸ. ಈಗ ನೋಡಿದರೆ ದಿನವಿಡೀ ನೆಲದ ಮೇಲೆ ಹೊಯ್ಯುತ್ತಿದೆ. ಆಸ್ಕರ್ ಆಳಿನ ಮೇಲೆ ರೇಗಿದ, ಸರಿಯಾಗಿ ಹೊರಗೆ ಬಿಡ್ತಿಲ್ಲ ಅಂತ. ಬಿಟ್ಟು ಬಂದ ತಕ್ಷಣ ಮತ್ತೆ ಹೊಯ್ಯುತ್ತದೆ, ನಾನೇನು ಮಾಡಲಿ ಅನ್ನೋ ಅರ್ಥದಲ್ಲಿ ಅವನು ಉತ್ತರ ಕೊಟ್ಟ. ಈ ಮಾತು ಆಸ್ಕರ್‌ನ ತಲೆಯಲ್ಲಿ ಕೂತಿತು. ಪದೇ ಪದೇ ಮೂತ್ರ ಅಂದರೆ ವೈದ್ಯನಿಗೆ ನೆನಪಾಗೋ ಮೊದಲ ರೋಗವೇ ಮಧುಮೇಹ. ಪಿಪೆಟ್ ತಗೊಂಡು ನೆಲದ ಮೇಲಿದ್ದದ್ದನ್ನೇ ಹೀರಿ ಪರೀಕ್ಷೆ ಮಾಡಿದ. ಸಕ್ಕರೆ 12 ಪರ್ಸೆಂಟ್.

ಈ ಕತೆಯ ಇನ್ನೊಂದು ರೂಪ ಎಲ್ಲ ಕಡೆ ಸಿಗ್ತದೆ. ನಾಯಿಯ ಮೂತ್ರಕ್ಕೆ ನೊಣ ಮುತ್ತಿದ್ದನ್ನ ಯಾರೋ ನೋಡಿ ಹೇಳಿದರು, ಅದರಿಂದ ಗೊತ್ತಾಯ್ತು ಅಂತ. ಕೇಳೋಕೆ ಚೆನ್ನಾಗಿದೆ, ಆದರೆ ಮಿಂಕೋವ್ಸ್ಕಿಯೇ ಮುಂದೆ ಅದನ್ನ ಅಲ್ಲಗಳೆದಿದ್ದಾನೆ. ನಮಗೂ ನೊಣಕ್ಕಿಂತ ಆಳು ಹೇಳಿದ ಮಾತನ್ನ ಕಿವಿಗೆ ಹಾಕಿಕೊಂಡ ಡಾಕ್ಟರೇ ಹೆಚ್ಚು ಇಷ್ಟ.

ಮುಂದೆ ಅವನು ಮಾಡಿದ್ದು ಇನ್ನೂ ಇಷ್ಟ. ಓಡಿ ಹೋಗಿ ಪೇಪರ್ ಬರೆಯಲಿಲ್ಲ. ಅನುಮಾನಪಟ್ಟ. ಮೇರಿಂಗ್ ಮೂರು ವರ್ಷದ ಹಿಂದೆ ಫ್ಲೋರಿಜಿನ್ ಅನ್ನೋ ವಸ್ತುವನ್ನ ಕೊಟ್ಟರೆ ನಾಯಿಗಳ ಮೂತ್ರದಲ್ಲಿ ಸಕ್ಕರೆ ಬರ್ತದೆ ಅಂತ ಕಂಡುಹಿಡಿದಿದ್ದ. ಸೇಬಿನ ಮರದ ಬೇರಿನ ತೊಗಟೆಯಲ್ಲಿ ಸಿಗೋ ವಸ್ತು ಅದು. ಈ ನಾಯಿಗೂ ಮೊದಲೇ ಅದನ್ನ ಕೊಟ್ಟಿದ್ದರೆ? ಹಾಗಾಗಿ ಮೂತ್ರದಲ್ಲಿ ಸಕ್ಕರೆ ಇಲ್ಲ ಅಂತ ಮೊದಲು ಖಾತ್ರಿ ಮಾಡಿಕೊಂಡು ಇನ್ನೂ ಮೂರು ನಾಯಿಗಳ ಪ್ಯಾಂಕ್ರಿಯಾಸ್ ತೆಗೆದ. ಮೂರಕ್ಕೂ ಸಕ್ಕರೆ ರೋಗ ಬಂತು. ಪ್ರಶ್ನೆ ಶುರುವಾದದ್ದು ಎಣ್ಣೆಯಿಂದ, ಉತ್ತರ ಸಿಕ್ಕಿದ್ದು ಸಕ್ಕರೆಗೆ. ಇಲ್ಲಿ ಒಂದು ಮಾತು: ಆ ಫ್ಲೋರಿಜಿನ್ ದಾರಿ ಹಿಡಿದು ಹೋದವರೇ ಈಗಿನ ಡಾಪಾಗ್ಲಿಫ್ಲೋಜಿನ್ ಥರದ ಮಾತ್ರೆಗಳನ್ನ ಮಾಡಿದ್ದು. ನಿಮ್ಮ ಮನೆಯವರ ಮಾತ್ರೆ ಡಬ್ಬಿಯಲ್ಲೂ ಇರಬಹುದು, ತೆಗೆದು ನೋಡಿ. ಒಂದೇ ಕೋಣೆಯ ಅನುಮಾನವೂ ಔಷಧ ಆಯ್ತು, ಉತ್ತರವೂ ಔಷಧ ಆಯ್ತು.

ನಾಯಿಗಳ ವಿಷಯ ಓದುವಾಗ ನಮಗೆ ಕಸಿವಿಸಿ ಆಗಿದ್ದು ನಿಜ. ಈಗ ನಮ್ಮ ದೇಶದಲ್ಲಿ ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಇಲಿಯನ್ನೂ ಮುಟ್ಟುವಂತಿಲ್ಲ. ಆಗ ಅದ್ಯಾವುದೂ ಇರಲಿಲ್ಲ.

ಕಸಿ ವಿಷಯಕ್ಕೆ ಬರೋಣ. ಪ್ಯಾಂಕ್ರಿಯಾಸ್ ತೆಗೆದರೆ ಮಧುಮೇಹ ಬರ್ತದೆ ಅಂದ ಕೂಡಲೇ ಎಲ್ಲರೂ ಒಪ್ಪಲಿಲ್ಲ. ಹೊಟ್ಟೆ ಕೊಯ್ದಾಗ ಅಲ್ಲಿನ ನರಗಳಿಗೆ ಪೆಟ್ಟಾಗಿ ರೋಗ ಬಂದಿರಬಹುದು ಅಂದರು ಕೆಲವರು. ಕರುಳಿಗೆ ರಸ ಹೋಗದೇ ಇದ್ದದ್ದಕ್ಕೆ ಬಂದಿರಬಹುದು ಅಂದರು ಇನ್ನು ಕೆಲವರು. ಇಬ್ಬರಿಗೂ ಒಂದೇ ಪ್ರಯೋಗದಲ್ಲಿ ಉತ್ತರ ಕೊಡಬೇಕು. 1892ರ ಹೊತ್ತಿಗೆ ಮಿಂಕೋವ್ಸ್ಕಿ ಅದನ್ನ ಮಾಡಿದ. ನಾಯಿಯ ಪ್ಯಾಂಕ್ರಿಯಾಸ್‌ನ ಒಂದು ತುಂಡನ್ನ ಅದರ ರಕ್ತನಾಳದ ಸಮೇತ ಹೊರಗೆಳೆದು ಹೊಟ್ಟೆಯ ಚರ್ಮದ ಕೆಳಗೆ ಕೂರಿಸಿದ. ಗಾಯ ಮಾಯ್ದು ತುಂಡು ಅಲ್ಲಿ ಬದುಕಿಕೊಂಡ ಮೇಲೆ ಒಳಗಿದ್ದ ಉಳಿದ ಗ್ರಂಥಿಯನ್ನೆಲ್ಲ ತೆಗೆದ. ಹೊಟ್ಟೆ ಕೊಯ್ದದ್ದು ಮೊದಲಿನ ಥರವೇ, ನರಕ್ಕೆ ಪೆಟ್ಟಾಗಿದ್ದರೆ ಈಗಲೂ ಆಗಿರಬೇಕು. ಕರುಳಿಗೆ ರಸವೂ ಹೋಗ್ತಿಲ್ಲ. ಆದರೂ ನಾಯಿಗೆ ಮಧುಮೇಹ ಬರಲಿಲ್ಲ. ಆಮೇಲೆ ಚರ್ಮದ ಕೆಳಗಿನ ಆ ಸಣ್ಣ ತುಂಡನ್ನ ಕಿತ್ತು ತೆಗೆದ. ಇದಕ್ಕೆ ಹೊಟ್ಟೆ ತೆರೆಯಬೇಕಾಗಿಯೇ ಇಲ್ಲ, ಚರ್ಮ ಸೀಳಿದರೆ ಸಾಕು. ಮಧುಮೇಹ ಪೂರ್ತಿಯಾಗಿ ಬಂತು.

ಇದರ ಅಂದ ನಮ್ಮಂಥವರಿಗೆ ಬೇಗ ಹತ್ತುತ್ತದೆ. ಸರ್ಕ್ಯೂಟಿನಲ್ಲಿ ತಪ್ಪು ಹುಡುಕುವಾಗ ಒಂದೊಂದೇ ವೈರ್ ಬಿಚ್ಚಿ ನೋಡ್ತೀವಲ್ಲ, ಹಾಗೆ. ಕರುಳಿನ ಕೊಳವೆ ಕತ್ತರಿಸಿದ್ದಾಯ್ತು, ಜಾಗ ಬದಲಿಸಿದ್ದಾಯ್ತು. ಉಳಿದ ಸಂಪರ್ಕ ರಕ್ತ ಒಂದೇ. ಅಂದರೆ ಆ ತುಂಡು ರಕ್ತಕ್ಕೆ ಏನೋ ಬಿಡ್ತಿದೆ. ಫ್ರಾನ್ಸಿನ ಮೊಂಪೆಲಿಯೆಯಲ್ಲಿ ಎಡೊನ್ ಅನ್ನೋನೂ ಅದೇ ಕಾಲಕ್ಕೆ ಇಂಥದ್ದೇ ಪ್ರಯೋಗ ಮಾಡಿ ಅದನ್ನೇ ಕಂಡ. ಬಿಡ್ತಿರೋದು ಏನು ಅಂತ ಇಬ್ಬರಿಗೂ ಗೊತ್ತಾಗಲಿಲ್ಲ.

ಯಾವ ಭಾಗ ಬಿಡ್ತದೆ ಅನ್ನೋದು ಮಾತ್ರ ಆಗಲೇ ಸೂಕ್ಷ್ಮದರ್ಶಕದ ಕೆಳಗೆ ಕಂಡುಬಿಟ್ಟಿತ್ತು. 1869ರಲ್ಲಿ ಬರ್ಲಿನ್ನಿನ 21 ವರ್ಷದ ಮೆಡಿಕಲ್ ವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹಾನ್ಸ್ ಪ್ಯಾಂಕ್ರಿಯಾಸ್‌ನಲ್ಲಿ ಅಲ್ಲಲ್ಲಿ ಬೇರೆ ಥರದ ಜೀವಕೋಶಗಳ ಪುಟ್ಟ ಗುಂಪುಗಳನ್ನ ನೋಡಿ ತನ್ನ ಥೀಸಿಸ್‌ನಲ್ಲಿ ಬರೆದಿದ್ದ. ಅವು ಯಾಕಿವೆ ಅಂತ ಅವನಿಗೆ ಗೊತ್ತಿರಲಿಲ್ಲ. ಕ್ಷಯ ಹಿಡಿದು ಮದೀರಾ ದ್ವೀಪಕ್ಕೆ ಹೋಗಿ ಅಲ್ಲೇ 1888ರಲ್ಲಿ, 41 ತುಂಬೋಕೆ ಐದು ದಿನ ಇರುವಾಗ ತೀರಿಹೋದ. ಮಿಂಕೋವ್ಸ್ಕಿಯ ನಾಯಿಗೆ ಇನ್ನೂ ಒಂಬತ್ತು ತಿಂಗಳಿತ್ತು. 1893ರಲ್ಲಿ ಲಾಗೆಸ್ ಅನ್ನೋ ಫ್ರೆಂಚ್ ವಿಜ್ಞಾನಿ ಆ ಗುಂಪುಗಳಿಗೆ ಲ್ಯಾಂಗರ್‌ಹಾನ್ಸ್ ದ್ವೀಪಗಳು ಅಂತ ಹೆಸರಿಟ್ಟ. ನಮ್ಮೆಲ್ಲರಲ್ಲೂ ಸುಮಾರು ಹತ್ತು ಲಕ್ಷ ಇಂಥ ದ್ವೀಪಗಳಿವೆ. ಎಲ್ಲ ಸೇರಿದರೂ ಗ್ರಂಥಿಯ ತೂಕದಲ್ಲಿ ಒಂದೆರಡು ಪರ್ಸೆಂಟ್.

ಅದೇ 1893ರ ಡಿಸೆಂಬರ್ 20ರಂದು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವಾಟ್ಸನ್ ವಿಲಿಯಮ್ಸ್ ಅನ್ನೋ ಡಾಕ್ಟರ್ ಪ್ರಯೋಗವನ್ನ ಮನುಷ್ಯನ ಮೇಲೆ ತಂದ. ಮಧುಮೇಹದಿಂದ ಸಾಯುತ್ತಿದ್ದ 15 ವರ್ಷದ ಹುಡುಗ. ಆಗ ತಾನೇ ಕೊಯ್ದ ಕುರಿಯ ಪ್ಯಾಂಕ್ರಿಯಾಸ್‌ನ ಮೂರು ತುಂಡುಗಳನ್ನ ಅವನ ಚರ್ಮದ ಕೆಳಗೆ ಇಟ್ಟು ಹೊಲಿದರು. ಮೂರು ದಿನಕ್ಕೆ ಹುಡುಗ ತೀರಿಕೊಂಡ. ಒಂದು ದೇಹ ಇನ್ನೊಂದು ದೇಹದ ಮಾಂಸವನ್ನ ಪರಕೀಯ ಅಂತ ಗುರುತಿಸಿ ಕೊಲ್ಲುತ್ತದೆ ಅನ್ನೋದು ಆಗ ಯಾರಿಗೂ ಗೊತ್ತಿರಲಿಲ್ಲ. ಮಿಂಕೋವ್ಸ್ಕಿಯ ನಾಯಿಗೆ ಇಟ್ಟಿದ್ದು ಅದರದೇ ಗ್ರಂಥಿ. ಬ್ರಿಸ್ಟಲ್ ಹುಡುಗನಿಗೆ ಇಟ್ಟಿದ್ದು ಕುರಿಯದು. ಆ ವ್ಯತ್ಯಾಸದ ಜೊತೆಗೆ ಜನ 130 ವರ್ಷದಿಂದ ಗುದ್ದಾಡ್ತಿದ್ದಾರೆ.

ಇಷ್ಟು ಮಾಡಿದ ಮನುಷ್ಯನಿಗೆ ಪ್ರೊಫೆಸರ್ ಹುದ್ದೆ ಸುಲಭವಾಗಿ ಸಿಗಲಿಲ್ಲ. ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಯಹೂದಿ ಮೂಲದವರಿಗೆ ಬಾಗಿಲು ಅರ್ಧ ಮಾತ್ರ ತೆರೆದಿರುತ್ತಿತ್ತು. ಕಲೋನ್‌ನ ಆಸ್ಪತ್ರೆಯಲ್ಲಿ ಕೆಲಸ ಮಾಡಿದ, 1905ರಲ್ಲಿ ಗ್ರೈಫ್ಸ್‌ವಾಲ್ಡ್‌ಗೆ, 1909ರಲ್ಲಿ ಬ್ರೆಸ್ಲಾವ್‌ಗೆ ಹೋದ. ಮಧ್ಯೆ 1900ರಲ್ಲಿ ಕೆಂಪು ರಕ್ತಕಣ ಗುಂಡಗಾಗೋ ಒಂದು ವಂಶವಾಹಿ ಕಾಯಿಲೆಯನ್ನ ವಿವರಿಸಿದ್ದ, ಅದಕ್ಕೂ ಅವನ ಹೆಸರಿದೆ.

1909 ಅವನ ಪಾಲಿಗೆ ವಿಚಿತ್ರ ವರ್ಷ. ಜನವರಿ 12ರಂದು, ಅಣ್ಣನ 51ನೇ ಹುಟ್ಟುಹಬ್ಬದ ಹಿಂದಿನ ದಿನ, ತಮ್ಮ ಹರ್ಮನ್ ಗೋಟಿಂಗನ್‌ನಲ್ಲಿ ಅಪೆಂಡಿಕ್ಸ್ ಒಡೆದು ಸತ್ತ. 44 ವರ್ಷ. ದೇಶ-ಕಾಲದ ಮೇಲಿನ ಆ ಪ್ರಸಿದ್ಧ ಭಾಷಣ ಮಾಡಿ ನಾಲ್ಕು ತಿಂಗಳೂ ಆಗಿರಲಿಲ್ಲ. ಅಣ್ಣ ದೇಶದ ದೊಡ್ಡ ಡಾಕ್ಟರ್ ಆಗಿದ್ದೂ ಏನೂ ಮಾಡೋ ಹಾಗಿರಲಿಲ್ಲ.

ಅದೇ ವರ್ಷ ಬ್ರೆಸ್ಲಾವ್‌ನ ಅವನ ಆಸ್ಪತ್ರೆಗೆ ಒಂದು ಔಷಧ ಪರೀಕ್ಷೆಗೆ ಬಂತು. ಬರ್ಲಿನ್ನಿನ ಜಾರ್ಜ್ ಝೂಲ್ಸರ್ ಪ್ರಾಣಿಗಳ ಪ್ಯಾಂಕ್ರಿಯಾಸ್‌ನಿಂದ ಒಂದು ಸಾರ ತೆಗೆದು ಕೆಲವು ರೋಗಿಗಳಿಗೆ ಕೊಟ್ಟು 1908ರಲ್ಲಿ ವರದಿ ಮಾಡಿದ್ದ. ಮಿಂಕೋವ್ಸ್ಕಿಯ ಸಹಾಯಕ ಫೋರ್ಷ್‌ಬಾಖ್ ನಾಯಿಗಳಿಗೂ ರೋಗಿಗಳಿಗೂ ಕೊಟ್ಟು ನೋಡಿದ. ಸಕ್ಕರೆ ಇಳಿಯಿತು. ಆದರೆ ಜ್ವರ, ವಾಂತಿಯಂಥ ತೊಂದರೆಗಳು ಎಷ್ಟು ಜೋರಾಗಿದ್ದವು ಅಂದರೆ ಇದನ್ನ ಮನುಷ್ಯರಿಗೆ ಕೊಡೋ ಹಾಗಿಲ್ಲ ಅಂತ ತೀರ್ಮಾನ ಆಯ್ತು. ಆ ತೊಂದರೆಗಳಲ್ಲಿ ಕೆಲವು ಸಕ್ಕರೆ ವಿಪರೀತ ಇಳಿದದ್ದರಿಂದಲೇ ಆಗಿದ್ದವು, ಅಂದರೆ ಔಷಧ ಬೇಕಾದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡಿತ್ತು ಅಂತ ಈಗಿನ ಎಷ್ಟೋ ಇತಿಹಾಸಕಾರರು ಅಂದಾಜು ಮಾಡ್ತಾರೆ. ಒಂದು ಹನಿ ರಕ್ತದಲ್ಲಿ ಸಕ್ಕರೆ ಅಳೆಯೋ ಸಾಧನ ಆಗ ಇರಲಿಲ್ಲ.

ಟೊರಾಂಟೊದಲ್ಲಿ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್, ಮೆಕ್ಲಿಯಡ್ ಸೇರಿ ಇನ್ಸುಲಿನ್ ಶುದ್ಧಮಾಡಿ ಮೊದಲ ರೋಗಿಗೆ ಕೊಟ್ಟದ್ದು 1922ರ ಜನವರಿಯಲ್ಲಿ. ನಡುವಿನ ಆ 13 ವರ್ಷದಲ್ಲಿ ಮಧುಮೇಹ ಬಂದ ಮಕ್ಕಳಿಗೆ ಕೊಡ್ತಿದ್ದ ಚಿಕಿತ್ಸೆ ಉಪವಾಸ. ಸಕ್ಕರೆಯಿಂದ ಸಾಯೋದನ್ನ ತಡೆಯೋಕೆ ಹಸಿವಿನಿಂದ ಒಣಗಿಸೋದು. ಬ್ರೆಸ್ಲಾವ್‌ನ ತೀರ್ಮಾನ ತಪ್ಪಾ ಅಂತ ನಾವು ನಾವೇ ಬಹಳ ಹೊತ್ತು ಜಗಳ ಆಡಿದೆವು. ನಮ್ಮಲ್ಲಿ ಅರ್ಧ ಜನ ಇವತ್ತಿಗೂ ತಪ್ಪು ಅಂತಾರೆ. ಉಳಿದವರ ವಾದ ಬೇರೆ: ಅಶುದ್ಧ ಸಾರ, ಡೋಸ್ ಗೊತ್ತಿಲ್ಲ, ರೋಗಿ ಒದ್ದಾಡ್ತಿದ್ದಾನೆ, ಕಾರಣ ತಿಳಿದಿಲ್ಲ. ಅಂಥ ಸ್ಥಿತಿಯಲ್ಲಿ ನಿಲ್ಲಿಸೋ ಡಾಕ್ಟರೇ ನಂಬಬಹುದಾದ ಡಾಕ್ಟರ್. ಈ ಲೇಖನ ಬರೆಯೋಕೆ ಕೂತವರು ಎರಡನೇ ಗುಂಪಿನವರು, ಹೇಳಿಬಿಡ್ತೇವೆ.

ಮಿಂಕೋವ್ಸ್ಕಿ ಮುನಿಸು ಇಟ್ಟುಕೊಳ್ಳಲಿಲ್ಲ. 1923ರಲ್ಲಿ ಜರ್ಮನಿಯಲ್ಲಿ ಇನ್ಸುಲಿನ್ ಸಮಿತಿ ಆದಾಗ ಅದರ ಅಧ್ಯಕ್ಷನಾಗಿ ಒಳ್ಳೆಯ ಗುಣಮಟ್ಟದ ಇನ್ಸುಲಿನ್ ತಯಾರಾಗೋ ಹಾಗೆ ನೋಡಿಕೊಂಡ. ಆ ವರ್ಷದ ನೊಬೆಲ್ ಬ್ಯಾಂಟಿಂಗ್ ಮತ್ತು ಮೆಕ್ಲಿಯಡ್‌ಗೆ ಹೋಯ್ತು. ಇವನಿಗೆ ಕೊನೆಗೂ ಬರಲಿಲ್ಲ. ಅದೇ ವರ್ಷ ಲೆನಿನ್ ಕಾಯಿಲೆ ಬಿದ್ದಾಗ ಮಾಸ್ಕೋಗೆ ಕರೆಸಿದ ಜರ್ಮನ್ ವೈದ್ಯರಲ್ಲಿ ಇವನೂ ಒಬ್ಬ. ಅಪ್ಪ ಬಿಟ್ಟು ಬಂದ ದೇಶವೇ ಮಗನನ್ನ ಮರ್ಯಾದೆಯಿಂದ ಕರೆಸಿಕೊಂಡಿತು ಅನ್ನಬಹುದು.

1926ರಲ್ಲಿ ನಿವೃತ್ತಿ, 1931ರ ಜುಲೈ 18ರಂದು ಸಾವು. ಎರಡು ವರ್ಷದೊಳಗೆ ಹಿಟ್ಲರ್ ಬಂದ. ಹೆಂಡತಿ ಮಾರಿ ದೇಶ ಬಿಟ್ಟು ಅರ್ಜೆಂಟೀನಾಕ್ಕೆ ಹೋಗಬೇಕಾಯ್ತು. ಮಗ ರುಡಾಲ್ಫ್ 1935ರಲ್ಲಿ ಅಮೆರಿಕ ಸೇರಿ ದೊಡ್ಡ ಖಗೋಳ ವಿಜ್ಞಾನಿಯಾದ. ಸೂಪರ್‌ನೋವಾಗಳನ್ನ ಒಂದನೇ ಥರ, ಎರಡನೇ ಥರ ಅಂತ ವಿಂಗಡಿಸಿದವನು ಅವನೇ. ಚಂದ್ರನ ಮೇಲೆ ಮಿಂಕೋವ್ಸ್ಕಿ ಅನ್ನೋ ಕುಳಿ ಇದೆ, ಹರ್ಮನ್ ಮತ್ತು ರುಡಾಲ್ಫ್ ಇಬ್ಬರ ನೆನಪಿಗೆ. ತಮ್ಮನೂ ಇದ್ದಾನೆ, ಮಗನೂ ಇದ್ದಾನೆ, ಆಸ್ಕರ್ ಇಲ್ಲ. ಯುರೋಪಿನ ಮಧುಮೇಹ ಸಂಶೋಧಕರ ಸಂಘ ಮಾತ್ರ 1966ರಿಂದ ಕಿರಿಯ ವಿಜ್ಞಾನಿಗಳಿಗೆ ಅವನ ಹೆಸರಲ್ಲಿ ಬಹುಮಾನ ಕೊಡ್ತಾ ಬಂದಿದೆ.

ಇನ್ನು ಆ ಚರ್ಮದ ಕೆಳಗಿನ ತುಂಡು ಎಲ್ಲಿಗೆ ಬಂತು ನೋಡೋಣ. ಇನ್ಸುಲಿನ್ ಬಂದ ಮೇಲೆ ಕಸಿ ಮಾತು ಸ್ವಲ್ಪ ಹಿಂದೆ ಸರಿಯಿತು. ಆದರೆ ಸೂಜಿ ಅಂದರೆ ಓಪನ್ ಲೂಪ್ ಕಂಟ್ರೋಲ್. ಊಟ ಎಷ್ಟು, ಕೆಲಸ ಎಷ್ಟು ಅಂತ ನಾವೇ ಅಂದಾಜು ಮಾಡಿ ಡೋಸ್ ಹಾಕಬೇಕು. ಬೀಟಾ ಕೋಶ ಹಾಗಲ್ಲ. ಸೆನ್ಸರ್, ಕಂಟ್ರೋಲರ್, ಪಂಪು ಮೂರೂ ಒಂದರಲ್ಲೇ ಇರೋ ಕ್ಲೋಸ್ಡ್ ಲೂಪ್. 1960ರ ದಶಕದಲ್ಲಿ ಕೊಲ್ಲಾಜಿನೇಸ್ ಅನ್ನೋ ಕಿಣ್ವದಿಂದ ಗ್ರಂಥಿಯನ್ನ ಕರಗಿಸಿ ದ್ವೀಪಗಳನ್ನ ಬೇರೆ ಮಾಡೋದು ಸಾಧ್ಯ ಆಯ್ತು. 1972ರಲ್ಲಿ ಬ್ಯಾಲಿಂಜರ್ ಮತ್ತು ಲೇಸಿ ಇಲಿಗಳ ಮಧುಮೇಹವನ್ನ ಇದರಿಂದ ಹತೋಟಿಗೆ ತಂದರು. 2000ದಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಶಪೀರೊ ತಂಡ ಒಂದನೇ ಥರದ ಮಧುಮೇಹದ 7 ಜನಕ್ಕೆ ಸತ್ತ ದಾನಿಗಳ ದ್ವೀಪಗಳನ್ನ ಲಿವರ್‌ಗೆ ಹೋಗೋ ರಕ್ತನಾಳದ ಮೂಲಕ ಹಾಕಿತು. ಏಳೂ ಜನ ಇನ್ಸುಲಿನ್ ಬಿಟ್ಟರು. ದೊಡ್ಡ ಸಂಭ್ರಮ. ಆದರೆ ಅಲ್ಲಿ ಚಿಕಿತ್ಸೆ ಪಡೆದವರನ್ನ ಐದು ವರ್ಷ ಬಿಟ್ಟು ನೋಡಿದಾಗ ಇನ್ಸುಲಿನ್ ಇಲ್ಲದೇ ಇದ್ದವರು ಹತ್ತರಲ್ಲಿ ಒಬ್ಬರಷ್ಟೇ. ಒಬ್ಬ ರೋಗಿಗೆ ಎರಡು ಮೂರು ದಾನಿಗಳು ಬೇಕಾಗ್ತಿತ್ತು. ಜೀವನಪೂರ್ತಿ ರೋಗನಿರೋಧಕ ಶಕ್ತಿ ತಗ್ಗಿಸೋ ಔಷಧ ಬೇಕು, ಅದರಿಂದ ಸೋಂಕು, ಕ್ಯಾನ್ಸರ್, ಕಿಡ್ನಿ ತೊಂದರೆಯ ಭಯ. 2023ರಲ್ಲಿ ಅಮೆರಿಕ ಇಂಥ ಒಂದು ದ್ವೀಪ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿದೆ, ಅದೂ ಸಕ್ಕರೆ ಪದೇ ಪದೇ ಅಪಾಯಕ್ಕೆ ಇಳಿಯೋ ದೊಡ್ಡವರಿಗೆ ಮಾತ್ರ.

ದಾನಿಗಳ ಕೊರತೆಗೆ ಉತ್ತರವಾಗಿ ಈಗ ಕಾಂಡಕೋಶ, ಅಂದರೆ ಸ್ಟೆಮ್ ಸೆಲ್, ಬಂದಿದೆ. 2025ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಲ್ಯಾಬಿನಲ್ಲಿ ಬೆಳೆಸಿದ ದ್ವೀಪಕೋಶಗಳ ಪೂರ್ತಿ ಡೋಸ್ ಪಡೆದ 12 ಜನರಲ್ಲಿ 10 ಜನ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಬಿಟ್ಟಿದ್ದರು. ಆದರೂ ರೋಗನಿರೋಧಕ ತಗ್ಗಿಸೋ ಔಷಧ ತಪ್ಪಲಿಲ್ಲ. 2024ರಲ್ಲಿ ಚೀನಾದಲ್ಲಿ ಒಬ್ಬ ಮಹಿಳೆಯ ಕೊಬ್ಬಿನಂಗಾಂಶದ ಕೋಶಗಳನ್ನೇ ಮಾರ್ಪಡಿಸಿ ಮಾಡಿದ ದ್ವೀಪಗಳನ್ನ ಅವರಿಗೇ ಹಾಕಿದರು, 75 ದಿನಕ್ಕೆ ಇನ್ಸುಲಿನ್ ನಿಂತಿತು. ಹಾಕಿದ ಜಾಗ ಲಿವರ್ ಅಲ್ಲ, ಹೊಟ್ಟೆಯ ಮುಂಭಾಗದ ಸ್ನಾಯುವಿನ ಪೊರೆಯ ಕೆಳಗೆ. ತೊಂದರೆಯಾದರೆ ನೋಡಲೂ ಬಹುದು, ತೆಗೆಯಲೂ ಬಹುದು. ಓದಿದಾಗ ನಮಗೆ ಸ್ಟ್ರಾಸ್‌ಬರ್ಗಿನ ನಾಯಿ ನೆನಪಾಗದೇ ಇರಲಿಲ್ಲ. ಆದರೆ ಆ ಮಹಿಳೆ ಮೊದಲೇ ಲಿವರ್ ಕಸಿಗಾಗಿ ರೋಗನಿರೋಧಕ ತಗ್ಗಿಸೋ ಔಷಧ ತಗೊಳ್ತಿದ್ದರು ಅನ್ನೋ ಸಂಗತಿ ವಾಟ್ಸಾಪ್ ಮೆಸೇಜುಗಳಲ್ಲಿ ಇರೋದಿಲ್ಲ.

ಇನ್ನೊಂದು ಸಂಗತಿಯೂ ಇರೋದಿಲ್ಲ. ಇವೆಲ್ಲ ಹೆಚ್ಚುಕಡಿಮೆ ಒಂದನೇ ಥರದ ಮಧುಮೇಹಕ್ಕೆ, ಅಂದರೆ ಬೀಟಾ ಕೋಶಗಳೇ ನಾಶವಾದವರಿಗೆ. ನಮ್ಮ ಐದು ತಾಲ್ಲೂಕುಗಳಲ್ಲಿ ನಲವತ್ತು ದಾಟಿದ ಮೇಲೆ ಬರೋದು ಬಹುಪಾಲು ಎರಡನೇ ಥರದ್ದು. ಅಲ್ಲಿ ಇನ್ಸುಲಿನ್ ಇದ್ದರೂ ದೇಹ ಸರಿಯಾಗಿ ಬಳಸೋದಿಲ್ಲ. ಅವರಿಗೆ ಊಟ, ನಡಿಗೆ, ಮಾತ್ರೆ, ಬೇಕಾದರೆ ಇನ್ಸುಲಿನ್. ಕಾಲಿನ ಗಾಯದ ಮೇಲೆ ಕಣ್ಣು. ಇನ್ಸುಲಿನ್ ತಗೊಳ್ಳೋ ಮನೆಯಲ್ಲಿ ಕರೆಂಟು ಹೋಗೋ ಬೇಸಿಗೆಗೆ ನೀರು ಹಾಕಿದ ಮಣ್ಣಿನ ಗಡಿಗೆಯಲ್ಲಿ ಬಾಟಲಿ ಇಡೋದು ಸರಿಯಾದ ಉಪಾಯವೇ, ಬಾಟಲಿಗೆ ನೀರು ತಾಗದಂತೆ ನೋಡಿಕೊಂಡರೆ ಆಯ್ತು.

ಯಾರಾದರೂ ಬಳ್ಳಾರಿಯಲ್ಲೋ ದಾವಣಗೆರೆಯಲ್ಲೋ ಬೆಂಗಳೂರಲ್ಲೋ ಸ್ಟೆಮ್ ಸೆಲ್ ಹಾಕಿ ಶುಗರ್ ವಾಸಿ ಮಾಡ್ತೇವೆ, ಇಷ್ಟು ಲಕ್ಷ ಆಗ್ತದೆ ಅಂದರೆ, ಹೊಲ ಮಾರೋ ಮುಂಚೆ ಒಂದು ಕೆಲಸ ಮಾಡಿ. ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಕೆಲವು ರಕ್ತದ ಕಾಯಿಲೆಗಳಂಥವನ್ನ ಬಿಟ್ಟರೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನ ಒಪ್ಪಿಗೆ ಪಡೆದ ಪ್ರಯೋಗವಾಗಿ ಮಾತ್ರ ಕೊಡಬಹುದು, ದುಡ್ಡಿಗೆ ಮಾರೋ ಹಾಗಿಲ್ಲ. ಪ್ರಯೋಗ ಅಂದ ಮೇಲೆ ಅದು ಸಿಟಿಆರ್‌ಐನಲ್ಲಿ, ಅಂದರೆ ದೇಶದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ, ದಾಖಲಾಗಿರಬೇಕು. 2009ರಿಂದ ಅದು ಕಡ್ಡಾಯ. ನೋಂದಣಿ ಸಂಖ್ಯೆ ಕೇಳಿ. ಕೊಟ್ಟರೆ ಫೋನಿನಲ್ಲೇ ಹುಡುಕಿ, ಯಾವ ಆಸ್ಪತ್ರೆ, ಯಾವ ಥರದ ಮಧುಮೇಹ, ಯಾರನ್ನ ಸೇರಿಸಿಕೊಳ್ತಾರೆ ಎಲ್ಲ ಅಲ್ಲಿ ಇರ್ತದೆ. ಆ ಪುಟ ಇಂಗ್ಲಿಷಿನಲ್ಲಿದೆ, ಮನೆಯವರಿಗೆ ಓದಿ ಹೇಳೋದು ಕಷ್ಟ ಆದರೆ ಸಂಖ್ಯೆಯನ್ನ ನಮ್ಮ ಸಂಘದ ಯಾರಿಗಾದರೂ ಕಳಿಸಿ, ಸಂಜೆ ಲ್ಯಾಬ್ ಮುಗಿದ ಮೇಲೆ ಕೂತು ಕನ್ನಡ ಮಾಡಿ ಕೊಡ್ತೇವೆ.